ಪಟಾಲಮ್ಮ ಲೇಔಟಿನ ಜ್ವಾಲಾಮುಖಿ

ನಮ್ಮ ಪಟಾಲಮ್ಮ ಲೇಔಟಿನಲ್ಲಿ ಜ್ವಾಲಾಮುಖಿ ಹುಟ್ಟಿದ್ದು ಒಂದು ಮಂಗಳವಾರ ಬೆಳಗ್ಗೆ, ಕಾಫಿಗೂ ತಿಂಡಿಗೂ ನಡುವೆ.

ಶ್ರೀಗಂಧದ ಕಾವಲ್ ಪಕ್ಕ, ಮಾಗಡಿ ರೋಡಿನಿಂದ ಎರಡು ತಿರುವು ಒಳಗೆ, ನೂರಾ ಹನ್ನೆರಡು ಮನೆಗಳ ಬಡಾವಣೆ ನಮ್ಮದು. ನಡುವೆ ಪಾರ್ಕಿಗೆಂದು ಬಿಟ್ಟ ಖಾಲಿ ಜಾಗ. ಪಾರ್ಕು ಬರುತ್ತೆ ಅಂತ ಹದಿನಾಲ್ಕು ವರ್ಷದಿಂದ ಬೋರ್ಡು ನಿಂತಿದೆ. ಬೋರ್ಡಿಗೆ ಎರಡು ಸಲ ಪೇಂಟ್ ಕೂಡ ಆಗಿದೆ. ಆ ಜಾಗದ ಮೂಲೆಯಲ್ಲಿ ನೆಲ ಬಿರಿದು ಸಣ್ಣಗೆ ಹೊಗೆ ಬರಲು ಶುರುವಾಗಿ ನಾಲ್ಕು ತಿಂಗಳಾಗಿತ್ತು. ನಾನು ಶಶಿಕುಮಾರ್, ನಿವಾಸಿಗಳ ಸಂಘದ ಕಾರ್ಯದರ್ಶಿ. ಫ್ಯಾಕ್ಟರಿಯ ಸ್ಟೋರ್ಸ್‌ನಲ್ಲಿ ಗುಮಾಸ್ತನಾಗಿದ್ದು ರಿಟೈರ್ ಆದವನು. ಅರ್ಜಿ ಬರೆಯೋದರಲ್ಲಿ ನನ್ನ ಕೈ ಪಳಗಿದೆ. ಹೊಗೆಯ ಬಗ್ಗೆ ಏಳು ಅರ್ಜಿ ಬರೆದೆ. ಏಳಕ್ಕೂ ‘ಸ್ವೀಕರಿಸಲಾಗಿದೆ’ ಅನ್ನೋ ಉತ್ತರ ಬಂತು. ಮನುಷ್ಯರು ಮಾತ್ರ ಬರಲಿಲ್ಲ.

ಆ ಮಂಗಳವಾರ ನಮ್ಮ ಅಧ್ಯಕ್ಷ ಗಂಗಾಧರಯ್ಯನವರು ಹೊಗೆಯ ವೀಡಿಯೋ ತೆಗೆದು, ಅದರ ಮೇಲೆ ‘ಬೆಂಗಳೂರಿನಲ್ಲಿ ಜ್ವಾಲಾಮುಖಿ?’ ಅಂತ ಬರೆದು ಎಲ್ಲಾ ಗ್ರೂಪಿಗೂ ಹಾಕಿದರು. ಪ್ರಶ್ನಾರ್ಥಕ ಚಿಹ್ನೆ ಅವರ ಪ್ರಾಮಾಣಿಕತೆ. ಎರಡೇ ಗಂಟೆಯಲ್ಲಿ ಟೀವಿಯವರ ಎರಡು ವ್ಯಾನ್ ಬಂದವು. ಏಳು ಅರ್ಜಿಗೆ ಆಗದ್ದು ಒಂದು ಪದಕ್ಕೆ ಆಯಿತು.

ಟೀವಿಯ ಹುಡುಗಿ ಮೊದಲು ಹಿಡಿದದ್ದು ರಾಮಕ್ಕನನ್ನು. ಖಾಲಿ ಜಾಗದ ಗೋಡೆಗೆ ಆನಿಕೊಂಡೇ ರಾಮಕ್ಕನ ಶೀಟಿನ ಮನೆ. ಒಂದೂವರೆ ರೂಮು. ಅದರಲ್ಲೇ ಇದ್ದಿಲು ಪೆಟ್ಟಿಗೆಯಲ್ಲಿ ಇಡೀ ಲೇಔಟಿನ ಬಟ್ಟೆ ಇಸ್ತ್ರಿ ಮಾಡ್ತಾಳೆ.

“ಅಮ್ಮಾ, ಭೂಮಿತಾಯಿ ನಿಮಗೆ ಏನಾದ್ರೂ ಸೂಚನೆ ಕೊಟ್ಟಳಾ?”

“ನಂಗೇನೂ ಹೇಳ್ಲಿಲ್ಲ ಕಣವ್ವ. ತಲೆನೋವು ಅಂತ ನಾನೇ ಮೂರು ತಿಂಗ್ಳಿಂದ ಹೇಳ್ತಾ ಇದೀನಿ, ಯಾರೂ ಕೇಳ್ತಿಲ್ಲ.”

ಇದು ಪ್ರಸಾರವಾಗಲಿಲ್ಲ. ಪ್ರಸಾರವಾದದ್ದು ಗಂಗಾಧರಯ್ಯನವರು ಬಿರುಕಿನ ಮುಂದೆ ಕೈಕಟ್ಟಿ ನಿಂತು, “ಪ್ರಕೃತಿಯ ಮುಂದೆ ನಾವೆಲ್ಲ ಚಿಕ್ಕವರು” ಅಂದದ್ದು. ಅವರು ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಲೇಔಟು ಮಾಡಿದವರೇ ಅವರು. ಇಲ್ಲಿ ಪ್ರಕೃತಿಯನ್ನು ಬುಲ್ಡೋಜರ್ ಹೊಡೆಸಿ ಚಿಕ್ಕದು ಮಾಡಿದವರೂ ಅವರೇ.

ಎರಡು ದಿನದಲ್ಲಿ ಬಿರುಕಿಗೆ ಅರಿಶಿನ ಕುಂಕುಮ ಬಿತ್ತು, ನಿಂಬೆಹಣ್ಣು ಬಂತು, ಯಾರೋ ಹಸಿರು ಬಳೆ ಇಟ್ಟರು. ‘ಜ್ವಾಲಾಮುಖಿ ನಿರ್ವಹಣಾ ಸಮಿತಿ’ ಅಂತ ಒಂದಾಯಿತು. ಅದಕ್ಕೂ ನಾನೇ ಕಾರ್ಯದರ್ಶಿ.

ಆಗ ಬಂದವಳು ಕೀರ್ತನಾ. ನಮ್ಮ ಕೆಂಚಪ್ಪನವರ ಮೊಮ್ಮಗಳು. ಕೆಂಚಪ್ಪ ಅಂದರೆ ಇಲ್ಲಿಯ ಹಳೇ ಊರಿನವರು. ಲೇಔಟಿನ ಅರ್ಧ ಜಮೀನು ಒಂದು ಕಾಲಕ್ಕೆ ಅವರದೇ. ಎಂಬತ್ತೆರಡು ವರ್ಷ, ಈಗಲೂ ಬೆಳಗ್ಗೆ ರಾಗಿ ಮುದ್ದೆ ತಿಂದೇ ಹೊರಗೆ ಬರೋದು. ಮೊಮ್ಮಗಳು ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡ್ತಾಳೆ ಅನ್ನೋದು ಎಲ್ಲರಿಗೂ ಗೊತ್ತಿತ್ತು. ಏನು ಕೆಲಸ ಅನ್ನೋದು ಯಾರಿಗೂ ಗೊತ್ತಿರಲಿಲ್ಲ. “ಇನ್ನೂ ಮದುವೆ ಮಾಡ್ಕೊಂಡಿಲ್ಲ” ಅನ್ನೋ ಒಂದು ಮಾಹಿತಿಯಲ್ಲೇ ನಮ್ಮ ಲೇಔಟು ತೃಪ್ತಿಪಟ್ಟಿತ್ತು. ಈಗ ತಿಳಿಯಿತು, ಅವಳ ಕೆಲಸವೇ ಜ್ವಾಲಾಮುಖಿ. ಅಂಡಮಾನಿನ ಆಚೆ ಬ್ಯಾರನ್ ದ್ವೀಪ ಅಂತ ಇದೆಯಂತೆ. ನಿಜವಾದ ಬೆಂಕಿ ಬೆಟ್ಟ. ಹಡಗಿನಲ್ಲಿ ಹೋಗಿ, ಬೆಟ್ಟದ ಹೊಗೆಯೊಳಗೆ ಲೇಸರ್ ಹಾಯಿಸಿ, ಯಾವ ಅನಿಲ ಎಷ್ಟಿದೆ ಅಂತ ಅಳೆದು ಬರ್ತಾಳಂತೆ. ಬಂದು ಹದಿನೈದು ದಿನವೂ ಆಗಿರಲಿಲ್ಲ, ಮೂಗಿನ ಮೇಲೆ ಬಿಸಿಲಿಗೆ ಸುಲಿದ ಚರ್ಮ ಹಾಗೇ ಇತ್ತು.

“ಅಂಕಲ್, ಒಂದು ಸಲ ಅಳೀಲಾ?” ಅಂತ ಕೇಳಿದಳು.

ಗಂಗಾಧರಯ್ಯನವರಿಗೆ ಅಪಾರ ಸಂತೋಷ. “ಅಳೆಯಮ್ಮ, ಧಾರಾಳವಾಗಿ ಅಳೆ. ಸರ್ಟಿಫಿಕೇಟು ಸಂಘದ ಹೆಸರಿಗೇ ಬರ್ಲಿ.”

ಭಾನುವಾರ ಬೆಳಗ್ಗೆ ಆರೂವರೆಗೆ, ಗಾಳಿ ಏಳೋ ಮುಂಚೆ, ಅವಳು ಬಂದಳು. ಖಾಲಿ ಜಾಗದ ಒಂದು ಅಂಚಿನಲ್ಲಿ ಮೂರು ಕಾಲಿನ ಸ್ಟ್ಯಾಂಡು, ಮೇಲೆ ಹಾಲಿನ ಕ್ಯಾನಿನಷ್ಟು ಗಾತ್ರದ ಬಿಳೀ ಡಬ್ಬ. ಎದುರು ಅಂಚಿನಲ್ಲಿ ಒಂದು ಕನ್ನಡಿ ಹಲಗೆ. ಹಲಗೆಯ ಸ್ಟ್ಯಾಂಡು ದ್ವೀಪದ ಬಂಡೆಗೆ ಬಿದ್ದು ಮುರಿದಿತ್ತಂತೆ. ಹಾಗಾಗಿ ಕನ್ನಡಿ ಹಿಡಿಯೋ ಕೆಲಸ ಕಾರ್ಯದರ್ಶಿಗೆ.

“ಅಲ್ಲಾಡ್ಬೇಡಿ ಅಂಕಲ್. ಕಿರಣ ಹೊಗೆ ದಾಟಿ ನಿಮ್ಮ ಹತ್ರ ಬಂದು, ಕನ್ನಡಿಗೆ ತಾಕಿ ವಾಪಸ್ ನನ್ನ ಹತ್ರ ಬರ್ಬೇಕು. ಆ ಹಸಿರು ಚುಕ್ಕೆ ಬರೀ ಗುರಿಗೆ. ನಿಜವಾದ ಕಿರಣ ಕಣ್ಣಿಗೆ ಕಾಣಲ್ಲ.”

“ಕಾಣದ್ದನ್ನ ಹಿಡಿದು ನಿಂತು ನನಗೆ ಅಭ್ಯಾಸ ಇದೆ ಕಣಮ್ಮ. ಪಾರ್ಕ್ ಬೋರ್ಡ್ ನೆಟ್ಟವನೂ ನಾನೇ,” ಅಂದೆ.

ಅವಳು ನಕ್ಕಳು. ಆಮೇಲೆ ನನಗೆ ಅರ್ಥವಾಗೋ ಹಾಗೆ ಹೇಳಿದಳು. ಪ್ರತಿಯೊಂದು ಅನಿಲಕ್ಕೂ ತನ್ನದೇ ಒಂದು ಬಣ್ಣದ ಬೆಳಕು ಕುಡಿಯೋ ಚಟ. ಕುಡುಕರ ಹಾಗೇ, ತನ್ನ ಬ್ರ್ಯಾಂಡ್ ಬಿಟ್ಟು ಬೇರೆ ಮುಟ್ಟಲ್ಲ. ಹೋದ ಬೆಳಕೆಷ್ಟು, ಬಂದ ಬೆಳಕೆಷ್ಟು ಅಂತ ನೋಡಿದರೆ ಯಾವನು ಎಷ್ಟು ಕುಡಿದ ಅಂತ ಗೊತ್ತಾಗುತ್ತೆ. ನಮ್ಮ ಹೈಸ್ಕೂಲ್ ಮೇಷ್ಟ್ರು ಹೀಗೆ ಹೇಳಿಕೊಟ್ಟಿದ್ದರೆ ನಾನೂ ಹಡಗು ಹತ್ತುತ್ತಿದ್ದೆನೋ ಏನೋ.

ನಲವತ್ತು ನಿಮಿಷ ನಿಂತೆ. ತೋಳು ಸೋತು ಹೋಯಿತು. ಸುತ್ತ ಜನ ಸೇರಿ, ಲೇಸರ್ ನನ್ನನ್ನು ಸುಡುತ್ತೋ ಇಲ್ಲವೋ ಅಂತ ಆಸೆಯಿಂದ ನೋಡುತ್ತಿದ್ದರು. ಕೀರ್ತನಾ ಡಬ್ಬದ ತಲೆ ಬದಲಿಸಿ ಬದಲಿಸಿ ಮೂರು ಸಲ ಅಳೆದಳು. ಮೊದಮೊದಲು ಹಾಡು ಗುನುಗುತ್ತಿದ್ದಳು. ಎರಡನೇ ಸಲಕ್ಕೆ ಗುನುಗೋದು ನಿಂತಿತು.

ಗಂಗಾಧರಯ್ಯನವರು ಬಿಳೀ ಪಂಚೆಯಲ್ಲಿ ಬಂದರು. “ಏನಮ್ಮ, ಎಷ್ಟು ಡಿಗ್ರಿ ಜ್ವಾಲಾಮುಖಿ?”

“ಜ್ವಾಲಾಮುಖಿ ಅಲ್ಲ ಅಂಕಲ್. ಜ್ವಾಲಾಮುಖಿಯ ಉಸಿರಲ್ಲಿ ಗಂಧಕ ಇರುತ್ತೆ. ಇಲ್ಲಿ ಅದು ಇಲ್ವೇ ಇಲ್ಲ. ಇಲ್ಲಿರೋದು ಮೀಥೇನ್, ಮಾಮೂಲಿ ಗಾಳಿಯಲ್ಲಿರೋದಕ್ಕಿಂತ ಇನ್ನೂರು ಪಟ್ಟು. ಜೊತೆಗೆ ಕಾರ್ಬನ್ ಮಾನಾಕ್ಸೈಡ್. ಕೆಳಗೆ ಕಸ ಕೊಳೀತಾ ಇದೆ. ಒಂದು ಕಡೆ ಒಳಗೊಳಗೇ ಉರೀತಾನೂ ಇದೆ.”

“ಕಸ?” ಅಂದರು ಗಂಗಾಧರಯ್ಯ, ಆ ಪದವನ್ನೇ ಮೊದಲ ಸಲ ಕೇಳಿದವರ ಹಾಗೆ.

“ತುಂಬಾ ಕಸ. ಇಲ್ಲಿ ಹಳ್ಳ ಏನಾದ್ರೂ ಇತ್ತಾ?”

ಉತ್ತರ ಬಂದದ್ದು ಹಿಂದಿನಿಂದ. ಕೋಲೂರಿಕೊಂಡು ನಿಂತಿದ್ದ ಕೆಂಚಪ್ಪನವರು, “ಕಲ್ಲು ಕ್ವಾರಿ ಇತ್ತು ಮಗಾ,” ಅಂದರು. “ನಂದೇ. ಎರಡಾಳು ಮೂರಾಳು ಆಳ. ಕಲ್ಲು ಮುಗುದ್ ಮ್ಯಾಲೆ ಲಾರಿ ಬಂದು ಕಸ ಸುರುದ್ವು. ಆರು ವರ್ಸ. ನಾನೇ ಬಿಟ್ಟೆ. ಆಮೇಲೆ ಕೆಮ್ಮಣ್ಣು ಹೊದ್ಸಿ ಮಟ್ಟ ಮಾಡಿದ್ದು ಯಾರು ಅಂತ...”

“ತಾತನಿಗೆ ಬಿಸಿಲು ಜಾಸ್ತಿ ಆಯ್ತು,” ಅಂದರು ಗಂಗಾಧರಯ್ಯ. ಗಂಟೆ ಏಳೂಕಾಲು. ಬಿಸಿಲು ಇನ್ನೂ ನಮ್ಮ ರಸ್ತೆಗೆ ಬಂದೇ ಇರಲಿಲ್ಲ.

ಅಲ್ಲಿಂದ ಕೀರ್ತನಾ ನೇರವಾಗಿ ರಾಮಕ್ಕನ ಮನೆಗೆ ಹೋದಳು. ಟಾರ್ಚಿನಂಥ ಇನ್ನೊಂದು ಸಣ್ಣ ಲೇಸರ್ ಇತ್ತು. ಬಾಗಿಲಲ್ಲೇ ನಿಂತು ಎದುರು ಗೋಡೆಗೆ ಹಿಡಿದಳು. ಆಮೇಲೆ ಗೋಡೆಯಾಚೆಯ ಹಳೇ ಮೋರಿ. ಕಲ್ಲುಚಪ್ಪಡಿ ಮುಚ್ಚಿ ವರ್ಷಗಟ್ಟಲೆ ಆಗಿದ್ದ ಆ ಮೋರಿಯ ಸಂದಿಗೆ ಹಿಡಿದು, ಸಂಖ್ಯೆ ನೋಡಿ, ಮತ್ತೊಮ್ಮೆ ಹಿಡಿದಳು.

“ಅಂಕಲ್, ಮೋರಿಯೊಳಗೆ ನೂರಕ್ಕೆ ಏಳು ಭಾಗ ಮೀಥೇನ್ ಇದೆ. ಐದರಿಂದ ಹದಿನೈದರ ನಡುವೆ ಇದ್ರೆ ಒಂದು ಕಿಡಿ ಸಾಕು. ಚಪ್ಪಡಿ ಹಾರಿ ಆಕಾಶ ನೋಡುತ್ತೆ. ರಾಮಕ್ಕ, ಇಸ್ತ್ರಿ ಪೆಟ್ಟಿಗೆ ಹೊರಗೆ ತಗೊಂಡ್ಹೋಗಿ ಆರಿಸ್ಬಿಡಿ. ನಿಮ್ಮ ತಲೆನೋವಿಗೂ ಇದೇ ಕಾರಣ. ಕಸ ಉರಿದು ಬರೋ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷದ ಗಾಳಿ ಗೋಡೆ ಸಂದಿಯಿಂದ ಒಳಗೆ ಬರ್ತಾ ಇದೆ. ಇಲ್ಲಿ ಮಲಗ್ಬೇಡಿ.”

ರಾಮಕ್ಕ ಅವಳ ಮುಖವನ್ನೇ ನೋಡಿದಳು. “ಬಿ.ಪಿ. ಅಂದ್ರು ಡಾಕ್ಟ್ರು. ವಯಸ್ಸು ಅಂದ್ರು. ಬಿರುಕಿಗೆ ಮೊಸರನ್ನ ಇಡು ಅಂದ್ರು. ಗಾಳಿ ಅಂತ ನೀನೊಬ್ಳೇ ಅಂದಿದ್ದು ಕಣವ್ವ.” ಆಮೇಲೆ ಮೂಲೆಯ ಗಂಟನ್ನು ತೋರಿಸಿದಳು. “ಆದ್ರೆ ಅಧ್ಯಕ್ಷರ ರೇಷ್ಮೆ ಪಂಚೆ, ಶಲ್ಯ ಐತಲ್ಲ. ಶುಕ್ರವಾರದ್ ಹೋಮಕ್ಕೆ ಬೇಕಂತೆ.”

“ಯಾವ ಹೋಮ?” ಅಂದೆವು ನಾವಿಬ್ಬರೂ ಒಟ್ಟಿಗೆ.

ಶುಕ್ರವಾರದ ಜ್ವಾಲಾಮುಖಿ ಶಾಂತಿ ಹೋಮದ ವಿಷಯ ಕಾರ್ಯದರ್ಶಿಗೆ ಇಸ್ತ್ರಿಯವಳಿಂದ ತಿಳಿಯಬೇಕಾಯಿತು. ಸಂಜೆ ಗಂಗಾಧರಯ್ಯನವರ ಮನೆಗೆ ಹೋದೆ. ಅವರು ಕೋಡುಬಳೆ ಕೊಟ್ಟು ಕೂರಿಸಿದರು. ಕೋಡುಬಳೆ ಕೊಟ್ಟರೆ ಏನೋ ಬರೆಸ್ತಾರೆ ಅಂತ ನನಗೆ ಗೊತ್ತು.

“ನೋಡಿ ಶಶಿಕುಮಾರ್, ಜ್ವಾಲಾಮುಖಿ ಅಂದ್ರೆ ದೇವರ ಕೆಲಸ. ಕಸ ಅಂದ್ರೆ ಮನುಷ್ಯರ ಕೆಲಸ. ದೇವರ ಮೇಲೆ ಯಾರೂ ಕಂಪ್ಲೇಂಟ್ ಕೊಡಲ್ಲ. ನಿಮ್ಮ ಮನೆಯೂ ಅದೇ ಮಣ್ಣಿನ ಮೇಲೆ ಇದೆ ಅನ್ನೋದು ನೆನಪಿರ್ಲಿ. ನಾಳೆ ಮಗಳಿಗೆ ಬಿಟ್ಟು ಹೋಗೋ ಆಸ್ತಿ. ಆ ಹುಡುಗಿಯ ವರದಿ ಸ್ವಲ್ಪ ಉದ್ದ ಇದೆ. ಸಂಘದ ನೋಟೀಸ್ ಬೋರ್ಡಿಗೆ ಹಾಕೋವಾಗ ಚಿಕ್ಕದು ಮಾಡಿ.”

ನಾನು ಚಿಕ್ಕದು ಮಾಡಿದೆ. ಕೀರ್ತನಾ ಕೊಟ್ಟ ಎರಡು ಪುಟ ನನ್ನ ಪಳಗಿದ ಕೈಯಲ್ಲಿ ಒಂದು ಸಾಲಾಯಿತು: ‘ವಿಜ್ಞಾನಿಗಳ ಪರೀಕ್ಷೆಯಲ್ಲಿ ಅನಿಲ ಇರುವುದು ದೃಢಪಟ್ಟಿದೆ.’ ಸುಳ್ಳು ಒಂದಕ್ಷರವೂ ಇಲ್ಲ. ಮೂವತ್ತು ವರ್ಷ ಗುಮಾಸ್ತಿಕೆಯಲ್ಲಿ ಕಲಿತ ವಿದ್ಯೆ ಅದು. ಯಾವ ಸಾಲೂ ಸುಳ್ಳಾಗಬಾರದು, ಒಟ್ಟು ಸೇರಿ ನಿಜವೂ ಆಗಬಾರದು.

ಬೋರ್ಡು ನೋಡಿ ಕೀರ್ತನಾ ಜಗಳ ಆಡಲಿಲ್ಲ. “ನಲವತ್ತು ನಿಮಿಷ ಕೈ ಅಲ್ಲಾಡಿಸದೆ ಹಿಡ್ಕೊಂಡಿದ್ರಲ್ಲ ಅಂಕಲ್. ಅದೇ ಕೈಯಲ್ಲಾ ಇದನ್ನ ಬರ್ದಿದ್ದು?” ಅಂದಳು. ಬೈದಿದ್ದರೆ ಪರವಾಗಿರಲಿಲ್ಲ.

ಅವಳು ಸುಮ್ಮನೆ ಕೂರಲೂ ಇಲ್ಲ. ಮೂರು ಆಫೀಸಿಗೆ ಫೋನ್ ಮಾಡಿದಳು. ಒಂದರಲ್ಲಿ ಕಸ ನಮ್ಮದು, ಗಾಳಿ ನಮ್ಮದಲ್ಲ ಅಂದರು. ಇನ್ನೊಂದರಲ್ಲಿ ಗಾಳಿ ನಮ್ಮದು, ನೆಲದಡಿಯದಲ್ಲ ಅಂದರು. ಮೂರನೆಯದರಲ್ಲಿ ಒಬ್ಬ ಅಧಿಕಾರಿ ಪೂರ್ತಿ ಕೇಳಿ, ಸೋಮವಾರ ಖಂಡಿತ ಬರ್ತೀನಿ ಅಂದರು. ಹೋಮ ಇದ್ದದ್ದು ಶುಕ್ರವಾರ. ಮನೆಯಲ್ಲಿ ಅವಳಪ್ಪ ಮಾತು ಬಿಟ್ಟಿದ್ದರು. ಕ್ವಾರಿ ವಿಷಯ ಹೊರಗೆ ಬಂದರೆ ಮಾನ ಹೋಗೋದು ತಮ್ಮ ಮನೆತನದ್ದೇ ಅಂತ ಅವರಿಗೆ ಕೋಪ. ಅಷ್ಟರ ನಡುವೆಯೂ ಅವಳು ರಾಮಕ್ಕನ ಪಾತ್ರೆ ಪಡಗ ಹೊತ್ತುಕೊಂಡು ಬಂದು, ತಾತನ ಮನೆಯ ಹಿಂದಿನ ರೂಮಿನಲ್ಲಿ ಇಟ್ಟಳು.

ಶುಕ್ರವಾರ ಬೆಳಗ್ಗೆ ಎಂಟಕ್ಕೆ ಶಾಮಿಯಾನ ಎದ್ದು ನಿಂತಿತ್ತು. ಇನ್ನೂರು ಕುರ್ಚಿ, ಮೈಕು, ಹಿಂದೆ ಬಿಸಿಬೇಳೆ ಬಾತಿನ ವಾಸನೆ. ಇಟ್ಟಿಗೆ ಜೋಡಿಸಿದ ಹೋಮಕುಂಡವೂ ಸಿದ್ಧವಾಗಿತ್ತು. ನೆಲ ಸಮತಟ್ಟಾಗಿದೆ ಅಂತ ಕುಂಡವನ್ನು ಸರಿಯಾಗಿ ಆ ಹಳೇ ಮೋರಿಯ ಚಪ್ಪಡಿಯ ಮೇಲೇ ಕಟ್ಟಿದ್ದರು.

ಕೀರ್ತನಾ ಸಣ್ಣ ಲೇಸರನ್ನು ಚಪ್ಪಡಿ ಸಂದಿಗೆ ಹಿಡಿದು ನನಗೆ ತೋರಿಸಿದಳು. ಏಳು ಇದ್ದದ್ದು ಒಂಬತ್ತಾಗಿತ್ತು. ಅವಳು ಗಂಗಾಧರಯ್ಯನವರ ಹತ್ತಿರ ಹೋಗಿ, “ಅಂಕಲ್, ದಯವಿಟ್ಟು ಇಲ್ಲಿ ಬೆಂಕಿ ಹಚ್ಬೇಡಿ,” ಅಂದಳು.

“ಹೋಮಕ್ಕೆ ಬೆಂಕಿ ಹಚ್ದೆ ಟಾರ್ಚ್ ಬಿಡೋಕಾಗುತ್ತಾ?” ಅಂದರು ಅವರು. ಸುತ್ತಲಿನವರು ನಕ್ಕರು. ಅವರ ರೇಷ್ಮೆ ಪಂಚೆ ಮುದುಡಿತ್ತು. ರಾಮಕ್ಕ ಇಸ್ತ್ರಿ ಮಾಡದೇ ವಾಪಸ್ ಕಳಿಸಿದ್ದಳು. ಇಡೀ ಲೇಔಟಿನಲ್ಲಿ ಕೀರ್ತನಾಳ ಮಾತನ್ನು ಮೊದಲು ಪಾಲಿಸಿದವಳು ರಾಮಕ್ಕನೇ.

ಪುರೋಹಿತರು ಸಂಕಲ್ಪ ಮುಗಿಸಿದರು. ಕರ್ಪೂರದ ಪೊಟ್ಟಣ ಬಿಚ್ಚಿದರು.

ಆಗ ಕೆಂಚಪ್ಪನವರು ಎದ್ದರು. ಮುಂದಿನ ಸಾಲಿನಲ್ಲಿ ಹಿರಿಯರು ಅಂತ ಕೂರಿಸಿದ್ದರು ಅವರನ್ನು. ಕೋಲೂರಿಕೊಂಡು ನಿಧಾನವಾಗಿ ನಡೆದು ಬಂದು, ಕುಂಡದ ಇಟ್ಟಿಗೆ ಮೇಲೆ ಕಾಲಿಟ್ಟು, ಸಮಿತ್ತಿನ ಮೇಲೆ ಕೂತೇಬಿಟ್ಟರು. ತುಪ್ಪದ ಬಟ್ಟಲು ಉರುಳಿತು.

“ಹಚ್ರಪ್ಪ,” ಅಂದರು.

ಪುರೋಹಿತರು ಕರ್ಪೂರ ಹಿಡಿದ ಕೈಯನ್ನು ಹಿಂದಕ್ಕೆ ತೆಗೆದರು.

“ನನ್ ಮೊಮ್ಮಗ್ಳು ಐದು ದಿನದಿಂದ ಬಡ್ಕೊಂತಾವ್ಳೆ. ಇದ್ರ ಕೆಳ್ಗೆ ಜ್ವಾಲಾಮುಖಿನೂ ಇಲ್ಲ, ಭೂಮ್ತಾಯಿ ಕ್ವಾಪನೂ ಇಲ್ಲ. ಕಸ ಐತೆ. ತುಂಬ್ಸಿದ್ದು ನಾನು. ಮಣ್ಣು ಮುಚ್ಚಿ ಸೈಟು ಅಂದಿದ್ದು ಈ ಗಂಗಾಧರ. ಇಬ್ರಿಗೂ ಗೊತ್ತಿತ್ತು. ಹಾರೋದಾದ್ರೆ ನಾನೇ ಮೊದ್ಲು ಹಾರ್ತೀನಿ. ಹಚ್ರಪ್ಪ ಮತ್ತೆ.”

“ತಾತಾ, ಏಳಿ,” ಅಂದಳು ಕೀರ್ತನಾ. ಅವಳ ದನಿ ನಡುಗಿದ್ದು ನಾನು ಅದೊಂದೇ ಸಲ ಕೇಳಿದ್ದು.

“ಮುದುಕರಿಗೆ ಅರಳು ಮರುಳು, ಎಬ್ಬಿಸ್ರೋ,” ಅಂತ ಗಂಗಾಧರಯ್ಯ ಕೂಗಿದರು. ಎಬ್ಬಿಸಲು ಯಾರೂ ಮುಂದೆ ಬರಲಿಲ್ಲ. ಆದರೆ ಯಾರೂ ನಂಬಿದ ಹಾಗೂ ಇರಲಿಲ್ಲ. ಎಲ್ಲರೂ ಕಾರ್ಯದರ್ಶಿಯ ಕಡೆ ನೋಡಿದರು, ಯಾಕಂದರೆ ಮೈಕು ನನ್ನ ಹತ್ತಿರ ಇತ್ತು.

ನಾನು ಧೈರ್ಯವಂತ ಅಲ್ಲ. ಬಸ್ಸಿನಲ್ಲಿ ಚಿಲ್ಲರೆ ಕೇಳಲೂ ಹಿಂಜರಿಯೋನು. ಆದರೂ ಜೇಬಿನಲ್ಲಿ ಮಡಿಸಿಟ್ಟಿದ್ದ ಆ ಎರಡು ಪುಟ ತೆಗೆದು ಓದಿದೆ. ಪೂರ್ತಿ. ಮೀಥೇನ್ ಎಷ್ಟು, ಮೋರಿಯಲ್ಲಿ ಎಷ್ಟು, ಒಂದು ಕಿಡಿ ಬಿದ್ದರೆ ಏನು, ರಾಮಕ್ಕನ ಮನೆಯಲ್ಲಿ ಏನು. ಕೊನೆಗೆ, “ಬೋರ್ಡಿನ ಮೇಲಿರೋ ಒಂದು ಸಾಲು ನಾನು ಕತ್ತರಿಸಿ ಬರೆದದ್ದು. ಅದು ನನ್ನ ತಪ್ಪು,” ಅಂದೆ. ಮೈಕು ಕೀರಲು ಶಬ್ದ ಮಾಡಿತು.

ಅದನ್ನು ಕೇಳಿ ಮೊದಲು ನಂಬಿದವರು ಪುರೋಹಿತರು. ಕೀರ್ತನಾಳ ಹತ್ತಿರ ಬಂದು ಮೆಲ್ಲಗೆ, “ಅಮ್ಮಾ, ನಿಜವಾಗ್ಲೂ ಹೊತ್ಕೊಳ್ಳುತ್ತಾ?” ಅಂತ ಕೇಳಿದರು. ಅವಳು ಮೀಟರ್ ತೋರಿಸಿದಳು. ಅವರು ಆ ಸಂಖ್ಯೆಯನ್ನು ಒಂದು ಕ್ಷಣ ನೋಡಿ, ಕರ್ಪೂರವನ್ನು ಪೊಟ್ಟಣಕ್ಕೆ ವಾಪಸ್ ಹಾಕಿ, ಗಂಟು ಬಿಗಿದರು. “ಮುಹೂರ್ತ ಮೀರಿತು,” ಅಂತ ಘೋಷಿಸಿದರು. ಇಷ್ಟು ಜಾಣತನದ ಮುಹೂರ್ತ ನಾನು ಕಂಡಿಲ್ಲ. ಪುರೋಹಿತರು ಎದ್ದ ಮೇಲೆ ಹೆಂಗಸರು ಎದ್ದರು, ಹೆಂಗಸರು ಎದ್ದ ಮೇಲೆ ಕುರ್ಚಿಗಳು ಖಾಲಿಯಾದವು. ಬಿಸಿಬೇಳೆ ಬಾತಿನ ಒಲೆಯನ್ನು ಕೀರ್ತನಾಳೇ ಓಡಿಹೋಗಿ ಆರಿಸಿದಳು.

ಏನೂ ಸ್ಫೋಟವಾಗಲಿಲ್ಲ. ಅವಳಿಗೆ ಆದ ದೊಡ್ಡ ತೊಂದರೆಯೇ ಅದು. ಮೋರಿ ಹಾರಿದ್ದರೆ ಅವಳು ವಿಜ್ಞಾನಿ ಅನ್ನಿಸಿಕೊಳ್ಳುತ್ತಿದ್ದಳು. ಹಾರಲಿಲ್ಲವಾದ್ದರಿಂದ ಹೋಮ ಕೆಡಿಸಿದವಳಾದಳು. “ಎಲ್ಲಿ ಹಾರ್ತು? ತೋರ್ಸಿ,” ಅಂತ ಗಂಗಾಧರಯ್ಯನವರು ಒಂದು ವಾರ ಪೂರ್ತಿ ಕಂಡ ಕಂಡವರನ್ನೆಲ್ಲ ಕೇಳಿದರು. ಆಗದೇ ಹೋದ ಅನಾಹುತಕ್ಕೆ ಯಾರು ಹಾರ ಹಾಕ್ತಾರೆ? ಗ್ರೂಪಿನಲ್ಲಿ ನನ್ನನ್ನೂ ಸಾಕಷ್ಟು ಉಗಿದರು. ಮುಂದಿನ ಸಭೆಯಲ್ಲಿ ಕಾರ್ಯದರ್ಶಿ ಸ್ಥಾನ ಹೋಯಿತು. ಈಗ ಅಧ್ಯಕ್ಷರ ಭಾಮೈದ ಇದ್ದಾನೆ. ಅವನ ಕನ್ನಡದಲ್ಲಿ ಒತ್ತಕ್ಷರ ಇರೋದಿಲ್ಲ.

ಆದರೆ ಸೋಮವಾರ ಆ ಅಧಿಕಾರಿ ನಿಜಕ್ಕೂ ಬಂದರು. ಇದನ್ನು ಹೇಳಲೇಬೇಕು, ಯಾಕಂದರೆ ಇಂಥದ್ದು ದಿನಾ ನಡೆಯೋದಲ್ಲ. ಕೀರ್ತನಾ ಮತ್ತೆ ಡಬ್ಬ ಇಟ್ಟು ಅಳೆದು ತೋರಿಸಿದಳು. ಅವರು ತಮ್ಮ ಮೀಟರಿನಲ್ಲೂ ನೋಡಿ, ಹುಬ್ಬೇರಿಸಿ, ಆ ದಿನವೇ ಚಪ್ಪಡಿ ತೆಗೆಸಿ ಮೋರಿಗೆ ಗಾಳಿ ಬಿಡಿಸಿದರು. ತಿಂಗಳೊಳಗೆ ಖಾಲಿ ಜಾಗದಲ್ಲಿ ಐದು ಎತ್ತರದ ಕೊಳವೆ ಎದ್ದವು, ಒಳಗಿನ ಅನಿಲ ಮೇಲಕ್ಕೆ ಹೋಗಲಿ ಅಂತ. ಉದ್ಘಾಟನೆ ಮಾಡಿದವರು ಗಂಗಾಧರಯ್ಯನವರು. ಕಲ್ಲಿನ ಮೇಲೆ ಅವರ ಹೆಸರಿದೆ, ‘ಇವರ ಸತತ ಪರಿಶ್ರಮದಿಂದ’ ಅಂತ. ಲೇಔಟಿನ ಫೈಲು ಈಗ ಯಾವುದೋ ವಿಚಾರಣೆಯಲ್ಲಿದೆಯಂತೆ. ಆ ಬಗ್ಗೆ ಕಲ್ಲಿನ ಮೇಲೆ ಬರೆದಿಲ್ಲ.

ಕೆಂಚಪ್ಪನವರು ಅಧಿಕಾರಿಯ ಮುಂದೆ ಹೇಳಿಕೆ ಕೊಟ್ಟರು. ಮಗ ಬೇಡ ಬೇಡ ಅಂತ ಬಾಗಿಲಿಗೆ ಅಡ್ಡ ನಿಂತರೂ ಕೊಟ್ಟರು. ನಾನು ಪಕ್ಕದಲ್ಲೇ ಕೂತು ಬರೆದುಕೊಂಡೆ.

“ಇಷ್ಟು ವರ್ಷ ಆದ್ಮೇಲೆ ಯಾಕೆ ಯಜಮಾನ್ರೇ ಹೇಳ್ತಾ ಇದೀರ?” ಅಂತ ಅಧಿಕಾರಿ ಕೇಳಿದರು. “ಸುಮ್ನಿದ್ದಿದ್ರೆ ನಿಮ್ಮನ್ನ ಯಾರೂ ಕೇಳ್ತಿರ್ಲಿಲ್ಲ.”

ಕೆಂಚಪ್ಪ ಕೋಲನ್ನು ಗೋಡೆಗೆ ಒರಗಿಸಿಟ್ಟರು. ಆಮೇಲೆ, “ಆ ಮಗು ಎಲ್ಲೋ ಸಮುದ್ರದ ಮಧ್ಯ ಬೆಂಕಿ ಬೆಟ್ಟದ್ ತಾವ ಹೋಗಿ ಉಸ್ರು ಬಿಗಿ ಹಿಡ್ಕೊಂಡು ಅಳೀತದೆ,” ಅಂದರು. “ಅಲ್ಲಿಂದ ಮನೇಗ್ ಬಂದ್ರೆ ನಾನು ಹೂತಿಟ್ಟಿದ್ದೇ ಅದ್ರ ಮೂಗಿಗೆ ಹತ್ಬೇಕಾ? ನಾಚ್ಕೆ ಆಯ್ತು ಸಾಮಿ.”

ಕೀರ್ತನಾ ಹೊರಗೆ ಜಗಲಿಯಲ್ಲಿ ಕೂತು ಕೇಬಲ್ ಸುತ್ತುತ್ತಿದ್ದಳು. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಸುತ್ತಿದ್ದನ್ನೇ ಬಿಚ್ಚಿ ಇನ್ನೊಮ್ಮೆ ಸುತ್ತಿದಳು. ರಾಮಕ್ಕ ಹಿಂದಿನ ರೂಮಿನಿಂದ ಬಂದು, ಅವಳ ಮುಂದೆ ತಟ್ಟೆಯಲ್ಲಿ ಬಿಸಿ ರೊಟ್ಟಿ ಇಟ್ಟು, “ಮೊದ್ಲು ತಿನ್ನವ್ವ, ಆರೋಗ್ತದೆ,” ಅಂದಳು. ಬರೆದು ಮುಗಿಸಿ ಹೊರಗೆ ಬಂದ ನನಗೂ ಒಂದು ಕೊಟ್ಟಳು. ಹುಚ್ಚೆಳ್ಳು ಚಟ್ನಿ ಖಾರವಾಗಿತ್ತು. ಕೀರ್ತನಾಳ ಕಣ್ಣಲ್ಲಿ ನೀರು ಬಂದದ್ದಕ್ಕೆ ನಾವು ಮೂವರೂ ಚಟ್ನಿಯನ್ನೇ ದೂರಿದೆವು.